ಅಮೆರಿಕದ ಇತಿಹಾಸಕ್ಕೆ ಅಂತರಸಂತೆಯ ದಾರಿ

ನಮ್ಮ ಪದವಿ ಕಾಲೇಜುಗಳಲ್ಲಿ ಇತಿಹಾಸವನ್ನು ಆರಿಸಿಕೊಂಡ ಬಿ.ಎ. ವಿದ್ಯಾರ್ಥಿಗಳಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸವೂ ಒಂದು ಪತ್ರಿಕೆಯಾಗಿ ಬರುವುದುಂಟು. ಕೊಲಂಬಸ್‌ನಿಂದ ಹೊರಟು ಹದಿಮೂರು ವಸಾಹತುಗಳು, ಬೋಸ್ಟನ್ ಟೀ ಪಾರ್ಟಿ, ವಾಷಿಂಗ್ಟನ್, ಲಿಂಕನ್, ವಿಲ್ಸನ್, ರೂಸ್‌ವೆಲ್ಟ್ ಎಂದು ಸಾಗುವ ಪಠ್ಯ ಅದು. ಪರೀಕ್ಷೆಯ ಜೊತೆಗೆ ಆಂತರಿಕ ಅಂಕಗಳಿಗಾಗಿ ಅಸೈನ್‌ಮೆಂಟು, ಪ್ರಾಜೆಕ್ಟು ಎಂಬ ಎರಡು ವಿಧಿಗಳಿರುತ್ತವೆ. ವಿಧಿಗಳೆಂದೇ ಅವುಗಳನ್ನು ಕರೆಯಬೇಕಾಗಿದೆ. ಏಕೆಂದರೆ ಅವು ನಡೆಯುವ ಕ್ರಮ ಅರ್ಥ ತಿಳಿಯದೆ ಹೇಳುವ ಮಂತ್ರದ ಹಾಗೆ. ಹಿಂದಿನ ವರ್ಷದ ಅಣ್ಣಂದಿರು ಅಕ್ಕಂದಿರು ಬರೆದ ಲಿಂಕನ್ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಾನೆ. ಮೊದಲ ಪುಟದ ಹೆಸರು ಬದಲಾಗುತ್ತದೆ, ಸ್ಪೈರಲ್ ಬೈಂಡಿಂಗ್ ಆಗುತ್ತದೆ, ಅಂಕ ಬೀಳುತ್ತದೆ. ಈಗಂತೂ ಮೊಬೈಲಿಗೆ ಕೇಳಿದರೆ ಯಂತ್ರವೇ ಬರೆದುಕೊಡುತ್ತದೆ; ಜೆರಾಕ್ಸಿನ ಖರ್ಚೂ ಉಳಿಯಿತು!

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ವರ್ಷ ವರ್ಷವೂ ಕೆಲಸ ಇದ್ದೀತೋ ಇಲ್ಲವೋ ಎಂಬ ಆತಂಕದಲ್ಲೇ ಪಾಠ ಮಾಡುವವನು. ಈ ಪತ್ರಿಕೆ ಅವನ ಪಾಲಿಗೆ ಬಂದಾಗ ಮನೆಗೆ ಬಂದು ಕೇಳಿದ: "ಮೇಷ್ಟ್ರೇ, ನಮ್ಮ ಮಕ್ಕಳು ಮೈಸೂರನ್ನೇ ಸರಿಯಾಗಿ ನೋಡಿಲ್ಲ. ಅಮೆರಿಕದ ಮೇಲೆ ಏನಂತ ಪ್ರಾಜೆಕ್ಟ್ ಕೊಡಲಿ? ಕಾಪಿ ಮಾಡಿ ತಂದ್ರೆ ಯಾರೂ ಕೇಳಲ್ಲ. ಆದ್ರೆ ನನಗೇ ನಾಚಿಕೆ ಆಗುತ್ತೆ." ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಂಡಿದ್ದ ನನಗೆ ಪದವಿ ತರಗತಿಯ ಅನುಭವವಿಲ್ಲ. ಆದರೆ ಅವನ ನಾಚಿಕೆ ನನಗೆ ಅರ್ಥವಾಯಿತು. ನಾವಿಬ್ಬರೂ ಹಲವು ಸಂಜೆ ಕುಳಿತು ಯೋಚಿಸಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇತರ ಅಧ್ಯಾಪಕ ಮಿತ್ರರಿಗೂ ಉಪಯೋಗವಾದೀತು.

ಮೊದಲಿಗೆ ನಾನು ಅವನಿಗೆ ಹೇಳಿದ್ದು ಇಷ್ಟೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಅಮೆರಿಕ ದೂರದ ದೇಶವೆಂದು ಯಾರು ಹೇಳಿದರು? ಅವರ ಹೊಲದಲ್ಲಿ ಬೆಳೆಯುವ ಹೊಗೆಸೊಪ್ಪಿನ ಹೆಸರೇ ವರ್ಜೀನಿಯಾ! ಮಳೆಗಾಲದ ರಾತ್ರಿ ಈ ಸೀಮೆಯಲ್ಲಿ ಬಸ್ಸಿನಲ್ಲಿ ಹೋದವರು ಹೊಲಗಳ ನಡುವೆ ಬ್ಯಾರನ್ನುಗಳ ಬೆಂಕಿಯನ್ನು ಕಂಡಿರುತ್ತಾರೆ. ಒಳಗೆ ಕಡ್ಡಿಗಳಿಗೆ ಕಟ್ಟಿ ನೇತುಹಾಕಿದ ಹಸಿರು ಸೊಪ್ಪು, ಕೆಳಗೆ ತಗಡಿನ ಕೊಳವೆಗಳಲ್ಲಿ ಹರಿಯುವ ಬಿಸಿ. ಹೊಗೆ ಸೊಪ್ಪಿಗೆ ತಾಗಬಾರದು, ಶಾಖ ಮಾತ್ರ ತಾಗಬೇಕು. ಐದಾರು ದಿನ ಹಗಲು ರಾತ್ರಿ ಬೆಂಕಿಯ ಹದ ಕಾಯಬೇಕು. ನಿದ್ದೆ ಬಂತೆಂದು ಮಲಗಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ಇದನ್ನು ಈ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಇಲ್ಲಿಂದ ಹಿಂದಕ್ಕೆ ನಡೆದರೆ ಇಡೀ ಅಮೆರಿಕದ ಇತಿಹಾಸವೇ ತೆರೆದುಕೊಳ್ಳುತ್ತದೆ. ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದ್ದು 1607ರಲ್ಲಿ. ಹಸಿವು, ರೋಗಗಳಿಂದ ಅಳಿದುಹೋಗುವಂತಿದ್ದ ಆ ವಸಾಹತನ್ನು ಉಳಿಸಿದ್ದು ಜಾನ್ ರಾಲ್ಫ್ ಎಂಬಾತ 1612ರ ಸುಮಾರಿಗೆ ಬೆಳೆದು ನೋಡಿದ ಹೊಗೆಸೊಪ್ಪು. ಬೆಳೆ ಹೆಚ್ಚಿದಂತೆ ದುಡಿಯುವ ಕೈಗಳು ಬೇಕಾದವು. 1619ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹೊತ್ತ ಹಡಗು ವರ್ಜೀನಿಯಾದ ತೀರಕ್ಕೆ ಬಂತು. 1662ರಲ್ಲಿ, ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಗುಲಾಮ ಎಂದು ವರ್ಜೀನಿಯಾ ಕಾನೂನು ಮಾಡಿತು. 1860ರ ಹೊತ್ತಿಗೆ ಅಮೆರಿಕದಲ್ಲಿ ಗುಲಾಮರ ಸಂಖ್ಯೆ ಸುಮಾರು 39 ಲಕ್ಷ.

ಇನ್ನು ಬ್ಯಾರನ್ನಿನ ಕಥೆ. ಸೊಪ್ಪನ್ನು ಹೊಂಬಣ್ಣಕ್ಕೆ ತರುವ ಶಾಖದ ವಿದ್ಯೆಯ ಮೂಲವನ್ನು ಹೇಳುವವರು 1839ನೆಯ ಇಸವಿಯನ್ನೂ, ನಾರ್ತ್ ಕ್ಯಾರೊಲಿನಾದ ಕ್ಯಾಸ್ವೆಲ್ ಕೌಂಟಿಯನ್ನೂ, ಸ್ಟೀಫನ್ ಎಂಬ ಗುಲಾಮ ತರುಣನನ್ನೂ ನೆನೆಯುತ್ತಾರೆ. ಒಡೆಯನ ಅಡ್ಡಹೆಸರಿನಿಂದ ಅವನು ಸ್ಟೀಫನ್ ಸ್ಲೇಡ್ ಎಂದೇ ಇತಿಹಾಸದಲ್ಲಿ ಉಳಿದಿದ್ದಾನೆ. ಕಮ್ಮಾರಿಕೆಯನ್ನೂ ಬಲ್ಲವನಾಗಿದ್ದ ಅವನು ಒಂದು ರಾತ್ರಿ ಬೆಂಕಿ ಕಾಯುತ್ತ ನಿದ್ದೆ ಹೋದನಂತೆ. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಕುಲುಮೆಯ ಇದ್ದಿಲು ತಂದು ಸುರಿದ. ಆ ತೀಕ್ಷ್ಣ ಶಾಖಕ್ಕೆ ಸೊಪ್ಪು ಹಿಂದೆಂದೂ ಕಾಣದ ಹಳದಿ ಬಣ್ಣಕ್ಕೆ ತಿರುಗಿತು. ಆ ಬಣ್ಣದಿಂದ ಒಡೆಯರು ಶ್ರೀಮಂತರಾದರು. ಸ್ಟೀಫನ್‌ನಂಥವರಿಗೆ ಬಿಡುಗಡೆ ದೊರೆತದ್ದು ಅಂತರ್ಯುದ್ಧ ಮುಗಿದು, 1865ರಲ್ಲಿ ಸಂವಿಧಾನದ 13ನೇ ತಿದ್ದುಪಡಿ ಜಾರಿಗೆ ಬಂದ ಮೇಲೆ. ಹುಣಸೂರು ಸೀಮೆಯ ಬ್ಯಾರನ್ನಿನ ಮುಂದೆ ರಾತ್ರಿ ಕೂತ ರೈತನ ಮಗ ಈ ಕಥೆಯನ್ನು ಕೇಳಿದರೆ, ಲಿಂಕನ್ನನ ವಿಮೋಚನಾ ಘೋಷಣೆ ಅವನಿಗೆ ಬರಿಯ ಐದು ಅಂಕದ ಪ್ರಶ್ನೆಯಾಗಿ ಉಳಿಯಲಾರದು.

ಎರಡನೆಯ ವಸ್ತು ನಮ್ಮ ಅಂತರಸಂತೆಗೆ ಇನ್ನೂ ಹತ್ತಿರದ್ದು. ಕಬಿನಿ ಹಿನ್ನೀರಿನ ದಡದ ಕಾರಾಪುರವನ್ನು ಇಂದಿನವರು ರೆಸಾರ್ಟುಗಳಿಂದ ಗುರುತಿಸುತ್ತಾರೆ. ಅಲ್ಲಿ 1924ರಲ್ಲಿ ಒಬ್ಬ ಮಾವುತನ ಮಗ ಹುಟ್ಟಿದ. ಅವನೇ ಸಾಬು. ತಂದೆ ತೀರಿಕೊಂಡ ಮೇಲೆ ಹುಡುಗ ಮೈಸೂರು ಅರಮನೆಯ ಆನೆ ಲಾಯದ ಆಶ್ರಯದಲ್ಲಿ ಬೆಳೆದ. 1935ರಲ್ಲಿ ಅಮೆರಿಕದ ಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದು, ಕಿಪ್ಲಿಂಗನ ಕಥೆಯನ್ನು ಆಧರಿಸಿದ 'ಎಲಿಫೆಂಟ್ ಬಾಯ್' ಚಿತ್ರಕ್ಕೆ ಅವನನ್ನು ಆರಿಸಿದ. 1937ರಲ್ಲಿ ಚಿತ್ರ ತೆರೆ ಕಂಡಾಗ ಆನೆಯ ಮೇಲೆ ಕುಳಿತ ಈ ಹುಡುಗ ಜಗತ್ತಿಗೇ ಪರಿಚಿತನಾದ. ಮುಂದೆ ಹಾಲಿವುಡ್ಡಿಗೆ ಹೋದ, 'ಥೀಫ್ ಆಫ್ ಬಾಗ್ದಾದ್', 'ಜಂಗಲ್ ಬುಕ್' ಚಿತ್ರಗಳಲ್ಲಿ ನಟಿಸಿದ. 1944ರಲ್ಲಿ ಅಮೆರಿಕದ ಪೌರನಾದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ಬಾಂಬರ್ ವಿಮಾನದ ಬಂದೂಕುಗಾರನಾಗಿ ಪೆಸಿಫಿಕ್ ರಣರಂಗದಲ್ಲಿ ಹೋರಾಡಿ ಶೌರ್ಯ ಪದಕ ಪಡೆದ. 1963ರ ಡಿಸೆಂಬರಿನಲ್ಲಿ, ಇನ್ನೂ 39ನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ.

ಇದನ್ನು 'ನಮ್ಮೂರ ಹೆಮ್ಮೆ' ಎಂಬ ಪ್ರಬಂಧ ಮಾಡಿ ಮುಗಿಸಿಬಿಡುವುದು ಸುಲಭ. ಆದರೆ ಇತಿಹಾಸದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು. ಅಮೆರಿಕದ 1790ರ ಪೌರತ್ವ ಕಾನೂನು ಹೊರಗಿನಿಂದ ಬಂದ ಸ್ವತಂತ್ರ ಬಿಳಿಯರಿಗೆ ಮಾತ್ರ ಪೌರತ್ವದ ಬಾಗಿಲು ತೆರೆಯಿತು. 1870ರಲ್ಲಿ ಆಫ್ರಿಕನ್ ಮೂಲದವರಿಗೂ ಅವಕಾಶವಾಯಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿಗೆ, ನೀನು ಬಿಳಿಯನಲ್ಲ, ಪೌರನಾಗಲಾರೆ ಎಂದು 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಭಾರತೀಯರಿಗೆ ಪೌರತ್ವದ ಹಕ್ಕು ಕೊಟ್ಟ ಲೂಸ್–ಸೆಲ್ಲರ್ ಕಾನೂನು ಬಂದದ್ದು 1946ರ ಜುಲೈನಲ್ಲಿ. ಅದೂ ವರ್ಷಕ್ಕೆ ನೂರು ಜನರಿಗೆ ಮಾತ್ರ ಪ್ರವೇಶ. ಹಾಗಾದರೆ ಕಾರಾಪುರದ ಸಾಬು 1944ರಲ್ಲಿ ಪೌರನಾದದ್ದು ಹೇಗೆ? ಯುದ್ಧಕಾಲದ ಕಾನೂನುಗಳೇನು ಹೇಳುತ್ತಿದ್ದವು? ಸೈನಿಕನಿಗೆ ಒಂದು ನ್ಯಾಯ, ಕೂಲಿಗೆ ಒಂದು ನ್ಯಾಯವೇ? ಥಿಂದ್ ಕೂಡ ಸೈನಿಕನೇ ಆಗಿದ್ದನಲ್ಲ? ಈ ಪ್ರಶ್ನೆ ಯಾವ ಗೈಡಿನಲ್ಲೂ ಇಲ್ಲ. ಇದರ ಬೆನ್ನು ಹತ್ತಿದ ಹುಡುಗ ಅಥವಾ ಹುಡುಗಿ ಅಮೆರಿಕದ ವಲಸೆಯ ಇತಿಹಾಸವನ್ನೆಲ್ಲ ದಾಟಿಯೇ ಹೋಗಬೇಕು. ಇಂದು ನಮ್ಮ ತಾಲ್ಲೂಕಿನ ಎಂಜಿನಿಯರುಗಳು ವೀಸಾಕ್ಕಾಗಿ ಕಾಯುವುದರ ಹಿಂದಿನ ಕಥೆಯೂ ಅಲ್ಲೇ ಸಿಗುತ್ತದೆ.

ಮೂರನೆಯದು ಉಪ್ಪಿಟ್ಟು. ಇಂದಿನ ಮಕ್ಕಳ ಅಜ್ಜ ಅಜ್ಜಿಯರು ಶಾಲೆಯಲ್ಲಿ ತಿಂದ 'ಕೇರ್ ಉಪ್ಪಿಟ್ಟು', ಕುಡಿದ ಹಾಲಿನ ಪುಡಿಯ ಹಾಲು ಇವು ಅಮೆರಿಕದಿಂದ ಬಂದವು. ಅಧ್ಯಕ್ಷ ಐಸೆನ್‌ಹೋವರ್ 1954ರ ಜುಲೈ 10ರಂದು ಸಹಿ ಹಾಕಿದ ಪಿ.ಎಲ್. 480 ಎಂಬ ಕಾನೂನು ಅಮೆರಿಕದ ರೈತರ ಮಿಕ್ಕ ಧಾನ್ಯವನ್ನು ಹಸಿದ ದೇಶಗಳಿಗೆ ಸಾಗಿಸಿತು. ಎರಡು ವರ್ಷ ಮಳೆ ಕೈಕೊಟ್ಟಾಗ, 1966ರಲ್ಲಿ, ಭಾರತ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಿತು. ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ಬಿಗಿಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು. ಅದರಲ್ಲಿ ಕರುಣೆ ಎಷ್ಟು, ವ್ಯಾಪಾರ ಎಷ್ಟು, ಶೀತಲ ಸಮರದ ಲೆಕ್ಕಾಚಾರ ಎಷ್ಟು? ಅಜ್ಜಿಯ ನೆನಪನ್ನೂ ಪಠ್ಯಪುಸ್ತಕವನ್ನೂ ಎದುರುಬದುರು ಇಟ್ಟು ನೋಡಬಹುದಾದ ವಿಷಯವಿದು.

ನಾಲ್ಕನೆಯದು ಕಾಡು ಮತ್ತು ಅಣೆಕಟ್ಟು. ಅಮೆರಿಕದಲ್ಲಿ 1830ರ ಇಂಡಿಯನ್ ತೆರವು ಕಾನೂನಿನಡಿ ಚೆರೋಕಿ ಜನರನ್ನು 1838–39ರಲ್ಲಿ ಪಶ್ಚಿಮಕ್ಕೆ ಅಟ್ಟಿದಾಗ ಸುಮಾರು 4000 ಮಂದಿ ಸತ್ತರೆಂಬ ಅಂದಾಜಿದೆ. 1872ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ತಲೆತಲಾಂತರದಿಂದ ಬೇಟೆಯಾಡಿಕೊಂಡಿದ್ದ ಜನ ಹೊರಗಾದರು. ಸರಿಯಾಗಿ ನೂರು ವರ್ಷದ ನಂತರ, 1972ರಲ್ಲಿ, ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1933ರಲ್ಲಿ ಆರಂಭವಾದ ಟೆನೆಸ್ಸಿ ಕಣಿವೆ ಯೋಜನೆಯ ನಾರಿಸ್ ಅಣೆಕಟ್ಟಿಗೆ ಸುಮಾರು 3000 ಕುಟುಂಬಗಳು ಮನೆ ಬಿಟ್ಟವು. ಆ ಯೋಜನೆಯ ಮಾದರಿಯಲ್ಲೇ 1948ರಲ್ಲಿ ನಮ್ಮ ದಾಮೋದರ ಕಣಿವೆ ನಿಗಮ ಹುಟ್ಟಿತು. 1974ರಲ್ಲಿ ಮುಗಿದ ಕಬಿನಿ ಜಲಾಶಯ 19.52 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅದರ ಅಡಿಯಲ್ಲಿ ಊರುಗಳಿವೆ, ಕಾಡಿದೆ, ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ನೆಲವಿದೆ. ಜೇನುಕುರುಬರು, ಕಾಡುಕುರುಬರು ಕಾಡಿನಿಂದ ಹಾಡಿಗೆ, ಹಾಡಿಯಿಂದ ಇನ್ನೊಂದು ಹಾಡಿಗೆ ಬಂದ ಕಥೆ ಇಲ್ಲಿನ ಎಲ್ಲರಿಗೂ ಗೊತ್ತು. ಅವರ ಹಕ್ಕನ್ನು ಒಪ್ಪಿದ ಅರಣ್ಯ ಹಕ್ಕು ಕಾಯ್ದೆ ಬರಲು 2006ರವರೆಗೆ ಕಾಯಬೇಕಾಯಿತು.

ವಸ್ತುಗಳೇನೋ ಸಿಕ್ಕವು. ಆದರೆ ವಸ್ತು ಕೊಟ್ಟ ಮಾತ್ರಕ್ಕೆ ಪ್ರಾಜೆಕ್ಟು ಆಗುವುದಿಲ್ಲ. ಬೀಜ ಕೊಟ್ಟರೆ ಸಾಲದು, ಸಸಿಮಡಿಯಿಂದ ಕೊಯ್ಲಿನವರೆಗೆ ಲೆಕ್ಕ ಬೇಕು. ನಾವು ಆರು ವಾರಗಳ ಕ್ರಮವೊಂದನ್ನು ಹಾಕಿಕೊಂಡೆವು. ಮೊದಲ ವಾರ ವಿದ್ಯಾರ್ಥಿ ತರಬೇಕಾದದ್ದು ಒಂದೇ ಒಂದು ವಾಕ್ಯ, ಅದೂ ಪ್ರಶ್ನೆಯಾಗಿರಬೇಕು. 'ವರ್ಜೀನಿಯಾ ತಂಬಾಕು' ಎಂಬುದು ಪ್ರಶ್ನೆಯಲ್ಲ. 'ವರ್ಜೀನಿಯಾದಲ್ಲಿ ಹೊಗೆಸೊಪ್ಪು ಬೆಳೆದವರಿಗೆ ಲಾಭ ಸಿಕ್ಕಿತೇ?' ಎಂಬುದು ಪ್ರಶ್ನೆ. ಎರಡನೆಯ ವಾರ ಪಠ್ಯಪುಸ್ತಕದ ಒಂದು ಅಧ್ಯಾಯ ಮತ್ತು ಮೂಲ ದಾಖಲೆಯ ಒಂದು ತುಣುಕು. ಇಂಗ್ಲಿಷಿಗೆ ಹೆದರುವ ಮಕ್ಕಳಿಗೆ ಉಪನ್ಯಾಸಕರೇ ಅದನ್ನು ಕನ್ನಡಕ್ಕೆ ತಂದು ಕೊಡಬೇಕು; 1790ರ ಕಾನೂನಿನ ಒಂದು ವಾಕ್ಯವಾದರೂ ಸಾಕು. ಮೂರನೆಯ ವಾರ ಮನೆಯ ಅಥವಾ ಊರಿನ ಹಿರಿಯರೊಬ್ಬರ ಮಾತು; ಹೇಳಿದ ದಿನ, ಸ್ಥಳ ಬರೆದು, ಅವರ ಮಾತಿನಲ್ಲೇ. ನಾಲ್ಕನೆಯ ವಾರ ಒಂದು ಹಾಳೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಅಲ್ಲಿಗೂ ಇಲ್ಲಿಗೂ ಇರುವ ಹೋಲಿಕೆ, ಬಲಕ್ಕೆ ವ್ಯತ್ಯಾಸ. ಐದನೆಯ ವಾರ ಕೈಬರಹದ ಎಂಟು ಪುಟ. ಆರನೆಯ ವಾರ ತರಗತಿಯ ಮುಂದೆ ಐದು ನಿಮಿಷದ ಮಾತು, ಗೆಳೆಯರ ಪ್ರಶ್ನೆಗೆ ಉತ್ತರ. ಅಂಕಗಳಲ್ಲಿ ಅರ್ಧಭಾಗ ಮೊದಲ ವಾರದ ಪ್ರಶ್ನೆಗೆ ಮತ್ತು ನಾಲ್ಕನೆಯ ವಾರದ ಹಾಳೆಗೆ. ಅಂದವಾದ ಬೈಂಡಿಂಗಿಗೆ ಸೊನ್ನೆ!

ನಾಲ್ಕನೆಯ ವಾರದ ಹಾಳೆಯ ಬಲಭಾಗವನ್ನು ನಾನು ಬಹಳ ಒತ್ತಿ ಹೇಳಿದೆ. ಹೋಲಿಕೆ ಹೊಳೆದಾಗ ಮನಸ್ಸಿಗೆ ಸಂತೋಷವಾಗುತ್ತದೆ, ಆ ಸಂತೋಷದಲ್ಲಿ ಇತಿಹಾಸ ಮುಗ್ಗರಿಸುತ್ತದೆ. ಸೊಪ್ಪು ಕಟ್ಟುವ ನಮ್ಮ ಹೆಣ್ಣುಮಕ್ಕಳ ಕೂಲಿ ಕಡಿಮೆಯಿರಬಹುದು, ಆದರೆ ಅವರನ್ನು ಮಾರಲು ಬರುವುದಿಲ್ಲ. ಅವರ ಮಕ್ಕಳು ಶಾಲೆಗೆ ಹೋಗುತ್ತಾರೆ, ಮತ ಹಾಕುತ್ತಾರೆ. ಸ್ಟೀಫನ್‌ನ ದುಃಖವನ್ನು ನಮ್ಮದೆಂದು ಹೇಳಿಕೊಂಡರೆ ಅವನಿಗೂ ಅನ್ಯಾಯ, ನಮ್ಮ ಕೂಲಿಯವರಿಗೂ ಅನ್ಯಾಯ. ಹಾಗೆಂದು ಹೋಲಿಸುವುದನ್ನೇ ಬಿಟ್ಟರೆ ಮತ್ತೆ ಜೆರಾಕ್ಸ್ ಅಂಗಡಿಗೇ ಹೋಗಬೇಕಾಗುತ್ತದೆ.

ಈ ಕ್ರಮದಲ್ಲಿ ಬಂದ ಪ್ರಾಜೆಕ್ಟುಗಳಲ್ಲಿ ಎರಡನ್ನು ಹೇಳಬೇಕು. ಒಬ್ಬ ಹುಡುಗಿಯ ಮನೆಯಲ್ಲಿ ಬ್ಯಾರನ್ ಇದೆ, ತಂಬಾಕು ಮಂಡಳಿಯ ಲೈಸೆನ್ಸ್ ಇದೆ, ಬ್ಯಾಂಕಿನ ಸಾಲವೂ ಇದೆ. ಅವಳು ವರ್ಜೀನಿಯಾದ ತೋಟಗಾರರ ಸಾಲದ ಬಗ್ಗೆ ಬರೆದಳು. ಜಾರ್ಜ್ ವಾಷಿಂಗ್ಟನ್‌ನಂಥ ದೊಡ್ಡ ಜಮೀನ್ದಾರನೂ ಸೊಪ್ಪನ್ನು ಲಂಡನ್ನಿನ ವರ್ತಕರಿಗೆ ಕಳಿಸಿ, ಅವರು ಹೇಳಿದ ಬೆಲೆಗೆ ಒಪ್ಪಿ, ಅವರಿಗೇ ಸಾಲಗಾರನಾಗಿದ್ದ. ನೆಲವೂ ಸವೆಯುತ್ತಿತ್ತು. 1760ರ ದಶಕದಲ್ಲಿ ಅವನು ಹೊಗೆಸೊಪ್ಪಿನಿಂದ ಕೈತೆಗೆದ. ಮಗಳು ಇದನ್ನು ಓದಿ ಹೇಳಿದಾಗ ಶಾಲೆಗೆ ಹೆಚ್ಚು ಹೋಗದ ತಂದೆ ಕೇಳಿದರಂತೆ: "ಸೊಪ್ಪು ಬುಟ್ಟು ಏನ್ ಬೆಳುದ್ನವ್ವಾ ಅವ್ನು?" ಗೋಧಿ ಎಂದಳು ಮಗಳು. "ಬೆಲೆ ಸಿಕ್ತಾ?" ಎಂದರು ತಂದೆ. ಆ ಎರಡನೆಯ ಪ್ರಶ್ನೆಯೇ ಅವಳ ಪ್ರಾಜೆಕ್ಟಿನ ಜೀವವಾಯಿತು. ವಾಷಿಂಗ್ಟನ್‌ಗೆ ಸಾವಿರಾರು ಎಕರೆ, ಹಿಟ್ಟಿನ ಗಿರಣಿ, ಕೂಲಿ ಕೊಡಬೇಕಾಗಿಲ್ಲದ ಗುಲಾಮರು ಇದ್ದರು. ಬೆಳೆ ಬದಲಿಸಿದರೂ ಅವನು ಉಳಿದ. ಎರಡೂವರೆ ಎಕರೆಯವನು ಬದಲಿಸಿದರೆ ಉಳಿಯುತ್ತಾನೆಯೇ ಎಂದು ಅವಳು ಬಲಭಾಗದ ಹಾಳೆಯಲ್ಲಿ ಬರೆದಿದ್ದಳು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದ 2005ರಿಂದ ಜಾರಿಯಲ್ಲಿದೆ. ಪರ್ಯಾಯ ಬೆಳೆಯ ಮಾತು ನಮ್ಮ ಊರುಗಳಲ್ಲಿ ಅಂದಿನಿಂದ ಕೇಳಿಬರುತ್ತಲೇ ಇದೆ. ಸೊಪ್ಪು ಆರೋಗ್ಯಕ್ಕೆ ಕೇಡು ಎಂಬುದೂ ನಿಜ, ಅದೇ ಸೊಪ್ಪಿನ ಹಣದಲ್ಲಿ ಆ ಹುಡುಗಿ ಕಾಲೇಜು ಓದುತ್ತಿರುವುದೂ ನಿಜ.

ಇನ್ನೊಬ್ಬಳು ಹಾಡಿಯಿಂದ ಬಂದ ಹುಡುಗಿ. ಚೆರೋಕಿ ಜನರ ವಿಷಯವನ್ನು ಅವಳಿಗೇ ಕೊಡೋಣವೆಂದು ನನ್ನ ಶಿಷ್ಯನಿಗೆ ಅನ್ನಿಸಿತ್ತು. ಕೂಡದು ಎಂದೆ. ಹಾಡಿಯವಳೆಂಬ ಕಾರಣಕ್ಕೆ ತರಗತಿಯ ಮುಂದೆ ತನ್ನ ಮನೆಯ ನೋವನ್ನು ಅಂಕಕ್ಕಾಗಿ ಬಿಚ್ಚಿಡಬೇಕೆಂದು ಹೇಳುವ ಹಕ್ಕು ಯಾವ ಅಧ್ಯಾಪಕನಿಗೂ ಇಲ್ಲ. ಬೇಕೆನಿಸಿದರೆ ಅವಳೇ ಆರಿಸಿಕೊಳ್ಳಲಿ. ಅವಳು ಆರಿಸಿಕೊಂಡದ್ದು ಮಾಂಟ್ಗೊಮರಿ ನಗರದ ಬಸ್ ಬಹಿಷ್ಕಾರವನ್ನು. ರೋಸಾ ಪಾರ್ಕ್ಸ್ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ಮೇಲೆ 1955ರ ಡಿಸೆಂಬರಿನಿಂದ 381 ದಿನ ಅಲ್ಲಿನ ಕಪ್ಪು ಜನ ಬಸ್ಸು ಹತ್ತಲಿಲ್ಲ ಎಂದು ಪಠ್ಯದಲ್ಲಿದೆ. ಅವಳ ಪ್ರಶ್ನೆ ಹೀಗಿತ್ತು: ಅಷ್ಟು ದಿನ ಅವರು ಕೆಲಸಕ್ಕೆ ಹೋದದ್ದು ಹೇಗೆ? ಬೆಳಿಗ್ಗೆಯ ಬಸ್ಸು ತಪ್ಪಿದರೆ ಕಾಲೇಜೇ ತಪ್ಪುವ ಊರಿನ ಹುಡುಗಿ ಮಾತ್ರ ಕೇಳಬಲ್ಲ ಪ್ರಶ್ನೆ ಅದು! ಕಾರಿದ್ದವರು ಸರದಿಯ ಮೇಲೆ ಜನರನ್ನು ಕರೆದೊಯ್ದದ್ದು, ಟ್ಯಾಕ್ಸಿಯವರು ಬಸ್ಸಿನ ದರಕ್ಕೇ ಓಡಿಸಿದ್ದು, ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದದ್ದು ಎಲ್ಲವನ್ನೂ ಅವಳು ಹುಡುಕಿ ತೆಗೆದಳು. ಚಳವಳಿಯೆಂದರೆ ಭಾಷಣವೆಂದು ತಿಳಿದಿದ್ದ ತರಗತಿಗೆ, ಅದು ದಿನದಿನದ ಏರ್ಪಾಡು ಎಂಬುದನ್ನು ಐದು ನಿಮಿಷದಲ್ಲಿ ತಿಳಿಸಿದಳು.

ಸ್ಥಳೀಯ ಇತಿಹಾಸದಿಂದ ಆರಂಭಿಸಬೇಕೆಂದು ನಾವು ಹೇಳುವಾಗ ಆ ಸ್ಥಳ ಯಾವುದೆಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸಲಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಒಬ್ಬಳಿಗೆ ಅದು ಬ್ಯಾರನ್ನಿನ ಬಾಗಿಲು, ಇನ್ನೊಬ್ಬಳಿಗೆ ಬಸ್ಸಿನ ನಿಲ್ದಾಣ. ಅಧ್ಯಾಪಕನ ಕೆಲಸ ಪ್ರಶ್ನೆ ಹುಟ್ಟುವವರೆಗೆ ಕಾಯುವುದು, ಹುಟ್ಟಿದ ಮೇಲೆ ಅದಕ್ಕೆ ಬೇಕಾದ ಪುಸ್ತಕವನ್ನೂ ದಾಖಲೆಯನ್ನೂ ಒದಗಿಸುವುದು. ಯಂತ್ರ ಬರೆದುಕೊಟ್ಟ ಪುಟಗಳಲ್ಲಿ ಲಿಂಕನ್ ಇರುತ್ತಾನೆ. "ಬೆಲೆ ಸಿಕ್ತಾ?" ಎಂದು ಕೇಳುವ ಅಪ್ಪ ಇರುವುದಿಲ್ಲ.

ಎಲ್ಲ ಮಕ್ಕಳೂ ಹೀಗೆ ಬರೆದರೆಂದು ನಾನು ಹೇಳಲಾರೆ. ಹಲವರು ಎಂದಿನಂತೆ ನಕಲು ತಂದರು. ಮೊದಲ ವಾರದ ಪ್ರಶ್ನೆಯೇ ಇಲ್ಲದ್ದರಿಂದ ಅವರಿಗೆ ಅಂಕವೂ ಕಡಿಮೆಯಾಯಿತು, ಕೆಲವರು ಮುನಿಸಿಕೊಂಡರು. ನನ್ನ ಶಿಷ್ಯನಿಗೆ ಕೆಲಸ ಹೆಚ್ಚಾಯಿತು, ಸಂಬಳ ಹೆಚ್ಚಾಗಲಿಲ್ಲ. ಆದರೂ ಮುಂದಿನ ಸಲ ಪಿ.ಎಲ್. 480ರ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟದ ಟಿಪ್ಪಣಿಯೊಂದನ್ನು ತಾನೇ ಸಿದ್ಧಪಡಿಸುತ್ತೇನೆಂದು ಹೊರಟಿದ್ದಾನೆ. ಓದುಗರಲ್ಲಿ ಯಾರಾದರೂ ಕೇರ್ ಉಪ್ಪಿಟ್ಟು ತಿಂದವರಿದ್ದರೆ, ಖೆಡ್ಡಾ ಕಂಡವರಿದ್ದರೆ, ಅಣೆಕಟ್ಟಿಗೆ ಊರು ಬಿಟ್ಟು ಬಂದವರಿದ್ದರೆ, ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೆ ನಿಮ್ಮ ನೆನಪುಗಳನ್ನು ಹೇಳಿ. ಇಂಥ ನೆನಪುಗಳಿಗೆ ಬಹಳ ಕಾಲದ ಬಾಳಿಕೆಯಿಲ್ಲ. ಕೇಳುವ ಕಿವಿಯೊಂದು ಸಿಕ್ಕರೆ ಅವು ಇತಿಹಾಸವಾಗಿ ಉಳಿಯುತ್ತವೆ.